ತಾತ ತರದೆ ಬಿಟ್ಟ ಒಂದು ಹಿಡಿ ಮರಳು

ಮೊದಲ ದಿನ: ಕುಲುಮೆಯಿಂದ ಹಲಸೂರಿಗೆ

ಹೊರಡುವ ದಿನ ಬೆಳಿಗ್ಗೆ ಅಜ್ಜಿ ಒಂದು ಖಾಲಿ ಹಾರ್ಲಿಕ್ಸ್ ಬಾಟಲಿ ತಂದು ನನ್ನ ಕೈಗಿಟ್ಟರು. ಹಿಂದಿನ ದಿನವೇ ತೊಳೆದು, ಬಿಸಿಲಿಗಿಟ್ಟು ಒಣಗಿಸಿದ್ದರು. "ತುಂಬಾ ಬೇಡ. ಒಂದು ಹಿಡಿ ಸಾಕು. ಮರೀಬೇಡ ಕಣವ್ವ" ಅಂದರು. ಮಂಡಿ ನೋವಿಲ್ಲದಿದ್ದರೆ ಅವರೂ ನಮ್ಮ ಜೊತೆ ಹೊರಡುತ್ತಿದ್ದರು. ಹೊರಟವರು ನಾನು ಮತ್ತು ಅಪ್ಪ, ಇಬ್ಬರೇ. ಹೋಗಬೇಕಾಗಿದ್ದದ್ದು ಜಮ್ಮು ಹತ್ತಿರದ ಸಾಂಬಾಕ್ಕೆ. ಅಲ್ಲಿ ಬಸಂತರ್ ಅನ್ನುವ ನದಿ ಇದೆ. ಆ ನದಿಯ ಮರಳು ಅಜ್ಜಿಗೆ ಬೇಕಾಗಿತ್ತು.

ನಮ್ಮೂರು ಅರಸೀಕೆರೆ ಕಡೆಯ ಒಂದು ಹಳ್ಳಿ. ನಮ್ಮದು ಕಮ್ಮಾರರ ಮನೆ. ತಾತನ ಅಪ್ಪನ ಕಾಲದಲ್ಲಿ ಕೆಲಸಕ್ಕೆ ದುಡ್ಡು ಅಂತ ಇರಲಿಲ್ಲ, ಆಯ ಇತ್ತು. ವರ್ಷವಿಡೀ ಊರಿನವರ ಗುಳ ತಟ್ಟಿಕೊಡೋದು, ಕುಡುಗೋಲಿಗೆ ಕಕ್ಕು ಹಾಕಿಕೊಡೋದು, ಗಾಡಿ ಚಕ್ರಕ್ಕೆ ಪಟ್ಟಾ ಕೂರಿಸೋದು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತಮ್ಮ ಪಾಲಿನ ರಾಗಿ ಅಳೆಸಿಕೊಂಡು ಬರೋದು. ಮಳೆ ಕೈಕೊಟ್ಟ ವರ್ಷ ಕಣವೂ ಬರಿದು, ನಮ್ಮ ಮನೆಯೂ ಬರಿದು. ಅಂಥದ್ದೊಂದು ವರ್ಷದಲ್ಲೇ, 1963ರಲ್ಲಿ, ತಾತ ಬೆಂಗಳೂರಿಗೆ ಹೋಗಿ ಸೇನೆಗೆ ಸೇರಿದರು. ಚೀನಾ ಯುದ್ಧ ಮುಗಿದ ಮರುವರ್ಷ. ಆಗ ಅವರಿಗೆ ಇಪ್ಪತ್ತು.

ಸೇರಿದ್ದು ಮದ್ರಾಸ್ ಸ್ಯಾಪರ್ಸ್‌ಗೆ, ಅಂದರೆ ಮದ್ರಾಸ್ ಇಂಜಿನಿಯರ್ ಗ್ರೂಪ್‌ಗೆ. 1780ರಲ್ಲಿ ಶುರುವಾದ ಪಡೆ ಅದು. ಸೇತುವೆ ಕಟ್ಟೋದು, ದಾರಿ ಮಾಡೋದು, ನೆಲಬಾಂಬ್ ಹುಡುಕಿ ತೆಗೆಯೋದು ಅವರ ಕೆಲಸ. ಅಲ್ಲಿ ಬಡಗಿಗೂ ಜಾಗ ಇದೆ, ಗಾರೆ ಕೆಲಸದವನಿಗೂ ಇದೆ, ಕಮ್ಮಾರನಿಗೂ ಇದೆ. ತಾತ ಸೇರಿದ್ದು ಕಮ್ಮಾರನಾಗಿಯೇ. "ಬಂದೂಕು ಹಿಡಿಯೋಕೆ ಅವರು ಕಲಿಸಿದ್ರು. ಸುತ್ತಿಗೆ ಹಿಡಿಯೋಕೆ ಯಾರೂ ಕಲಿಸಬೇಕಾಗಿರಲಿಲ್ಲ" ಅನ್ನುತ್ತಿದ್ದರು. ಹದಿನಾರು ವರ್ಷ ದುಡಿದು, ನಾಯಕ್ ಆಗಿ 1979ರಲ್ಲಿ ಊರಿಗೆ ಬಂದರು. ಬಂದ ಮಾರನೇ ದಿನವೇ ಕುಲುಮೆ ಹಚ್ಚಿದರಂತೆ. ಅಲ್ಲಿಂದ ಊರಿಗೆಲ್ಲಾ ಅವರು 'ಮಿಲ್ಟ್ರಿ ಆಚಾರ್ರು'.

ಹೊರಡೋ ಮುಂಚೆ ಕುಲುಮೆ ಕಡೆ ಹೋಗಿ ಬಂದೆ. ತಾತ ಹೋಗಿ ನಾಲ್ಕು ವರ್ಷ. ಚಿಕ್ಕಪ್ಪ ಟಾರು ರಸ್ತೆಯಲ್ಲಿ ವೆಲ್ಡಿಂಗ್ ಶಾಪ್ ಇಟ್ಟುಕೊಂಡಿದ್ದಾರೆ. ಹಳೇ ಕುಲುಮೆಗೆ ಬೆಂಕಿ ಬೀಳೋದು ರಾಗಿ ಕೊಯ್ಲಿನ ಸಮಯದಲ್ಲಿ ಮಾತ್ರ, ಅದೂ ಹಳಬರು ಒತ್ತಾಯ ಮಾಡಿದರೆ. ಅಡಿಗಲ್ಲಿನ ಮೇಲೆ ಅಜ್ಜಿ ಇಟ್ಟ ಕುಂಕುಮ ಇತ್ತು. ಬಾಗಿಲ ಹಿಂದೆ ತಾತನ ಕಬ್ಬಿಣದ ಕಡ್ಡಿ ಒರಗಿತ್ತು. ಕಿರುಬೆರಳಿಗಿಂತ ಸಪೂರ, ಒಂದೂವರೆ ಅಡಿ ಉದ್ದ, ತುದಿ ಚೂಪು. ತೋಟದಲ್ಲಿ ತೆಂಗಿನ ಸಸಿಗೆ ಗುಂಡಿ ತೆಗೆಯೋ ಮುಂಚೆ ತಾತ ಆ ಕಡ್ಡಿ ಹಿಡಿದು ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ನೇರವಾಗಿ ಚುಚ್ಚುತ್ತಿರಲಿಲ್ಲ. ಓರೆಯಾಗಿ, ಮೆಲ್ಲಗೆ, ಮಣ್ಣಿಗೆ ನೋವಾಗುತ್ತೇನೋ ಅನ್ನೋ ಹಾಗೆ ಒತ್ತುತ್ತಿದ್ದರು. ಒಂದು ಕಡೆ ಆದಮೇಲೆ ನಾಲ್ಕು ಬೆರಳು ಪಕ್ಕಕ್ಕೆ, ಮತ್ತೆ ಒಂದು ಸಲ. ಗುದ್ದಲಿ ಹಿಡಿದ ಆಳು ಸುಮ್ನೆ ನಿಂತು ಕಾಯಬೇಕಿತ್ತು. ಚಿಕ್ಕವಳಿದ್ದಾಗ ನಾನು ಅದನ್ನ ಕಲ್ಲು ಹುಡುಕೋ ವಿಧಾನ ಅಂದುಕೊಂಡಿದ್ದೆ.

ಮಧ್ಯಾಹ್ನ ಬೆಂಗಳೂರು ತಲುಪಿದೆವು. ಸಂಜೆ ರೈಲಿಗೆ ಟೈಮ್ ಇತ್ತು. ಅಪ್ಪ ಹಲಸೂರು ಕೆರೆ ಕಡೆ ಹೋಗೋಣ ಅಂದರು. ಸ್ಯಾಪರ್ಸ್ ಕೇಂದ್ರ ಇರೋದು ಅಲ್ಲೇ. ಒಳಗೆ ಹೋಗೋ ಯೋಚನೆ ಇರಲಿಲ್ಲ. ಕೆರೆಯ ಪಕ್ಕದ ರಸ್ತೆಯಲ್ಲಿ ನಿಂತು ಕಾಂಪೌಂಡ್ ಆಚೆಯ ಮರಗಳನ್ನ ನೋಡಿದೆವು. ಮುಳ್ಳುತಂತಿಯ ಬೇಲಿ ಸಿಡಿಸೋಕೆ ಬಳಸುವ 'ಬೆಂಗಳೂರು ಟಾರ್ಪಿಡೊ' ಹುಟ್ಟಿದ್ದು ಇದೇ ಪಡೆಯಲ್ಲಿ, 1912ರಲ್ಲಿ. ಉದ್ದನೆ ಕೊಳವೆಯೊಳಗೆ ಸಿಡಿಮದ್ದು ತುಂಬಿ ಬೇಲಿಯಡಿ ತಳ್ಳೋದು. ಊರಲ್ಲಿ ಯಾರಾದರೂ ಪೈಪು ಬೆಸೆಯೋಕೆ ತಂದರೆ ತಾತ ಈ ಕಥೆ ಹೇಳದೆ ಕಳಿಸುತ್ತಿರಲಿಲ್ಲ.

ಎರಡನೇ ದಿನ: ರೈಲಿನಲ್ಲಿ, ಕಾಗದಗಳ ಜೊತೆ

ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎದ್ದಾಗ ಕಲಬುರಗಿ ಕಳೆಯುತ್ತಿತ್ತು. ಎರಡೂ ಕಡೆ ತೊಗರಿ ಹೊಲ. ಚಹಾ ಕುಡಿದು ಅಪ್ಪ ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದರು. ಒಳಗೆ ತಾತನ ಕಾಗದಗಳು, ಹನ್ನೊಂದು. ನೀಲಿ ಇನ್‌ಲ್ಯಾಂಡ್ ಲೆಟರ್‌ಗಳು. ಮಡಿಕೆಯಲ್ಲೆಲ್ಲಾ ಹರಿದು, ಅಜ್ಜಿ ಅನ್ನದ ಅಂಟು ಹಾಕಿ ಸೇರಿಸಿದ್ದಾರೆ. ಕಳಿಸಿದವರ ವಿಳಾಸದಲ್ಲಿ ಊರಿಲ್ಲ, ಬರೀ '56 ಎ.ಪಿ.ಒ.' ಅಂತ ಇದೆ. ಸೈನಿಕ ಎಲ್ಲೇ ಇರಲಿ, ಕಾಗದ ಆ ನಂಬರಿನ ಮೇಲೇ ಹೋಗಿ ಬರುತ್ತಿತ್ತು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಸ್ಕೂಲ್ ಮೇಷ್ಟ್ರು ಜಗುಲಿ ಮೇಲೆ ಕೂತು ಓದುತ್ತಿದ್ದರು. ಅಜ್ಜಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದರು. ಹಾಗಾಗಿ ಅವರಿಗೆ ಬರೆದ ಕಾಗದದಲ್ಲೂ ಅವರ ಬಗ್ಗೆ ಒಂದು ಮಾತೂ ಇಲ್ಲ! ಎತ್ತು ಹೇಗಿದೆ, ಮಗು ನಡೆಯುತ್ತಾ, ಸಾಲ ಎಷ್ಟು ತೀರಿತು, ಇಷ್ಟೇ.

1971ರ ನವೆಂಬರ್‌ನ ಕಾಗದವನ್ನ ಅಪ್ಪ ನನಗೆ ಓದೋಕೆ ಕೊಟ್ಟರು. ಪೆನ್ಸಿಲ್‌ನಲ್ಲಿ ಬರೆದದ್ದು.

"ಇಲ್ಲಿ ಒಂದು ಹೊಳೆ ಇದೆ. ನೀರು ಕಮ್ಮಿ, ಮರಳು ಜಾಸ್ತಿ. ಬೆಸುಗೆಗೆ ಅಂತಲೇ ಇಟ್ಟ ಹಾಗಿದೆ. ಬರುವಾಗ ಒಂದು ಹಿಡಿ ತರುತ್ತೇನೆ ಎಂದು ಅಪ್ಪಯ್ಯನಿಗೆ ಹೇಳುವುದು."

ಈಗ ಎರಡು ಕಬ್ಬಿಣ ಸೇರಿಸಬೇಕು ಅಂದರೆ ಕರೆಂಟ್ ವೆಲ್ಡಿಂಗ್ ಇದೆ. ಆಗ ಇದ್ದದ್ದು ಕುಲುಮೆ ಬೆಸುಗೆ. ಕಬ್ಬಿಣ ಮೊದಲು ಕೆಂಪಾಗುತ್ತೆ, ಆಮೇಲೆ ಹಳದಿಗೆ ತಿರುಗುತ್ತೆ. ಆಗ ಅದರ ಮೇಲೆ ಒಂದು ಚಿಟಿಕೆ ಮರಳು ಎರಚಿ ಮತ್ತೆ ಬೆಂಕಿಗಿಡಬೇಕು. ಮರಳು ಗಾಜಿನ ಹಾಗೆ ಕರಗಿ, ಮೇಲಿನ ಕಿಟ್ಟವನ್ನೆಲ್ಲಾ ಎಳೆದುಕೊಂಡು ಹರಿಯುತ್ತೆ. ಕಬ್ಬಿಣ ಬೆಳ್ಳಗಾಗಿ, ಸಣ್ಣ ಕಿಡಿ ಚಿಮ್ಮೋಕೆ ಶುರುವಾದ ಕ್ಷಣ ಹೊರಗೆ ತೆಗೆದು ಹೊಡೆಯಬೇಕು. ಒಂದು ಉಸಿರು ಬೇಗ ತೆಗೆದರೆ ಹಿಡಿಯಲ್ಲ, ಒಂದು ಉಸಿರು ತಡವಾದರೆ ಸುಟ್ಟುಹೋಗುತ್ತೆ. ಮಣ್ಣು ಬೆರೆತ ಮರಳಾದರೆ ಬೆಸುಗೆ ನಿಲ್ಲಲ್ಲ. ಅದಕ್ಕೇ ಕಮ್ಮಾರರ ಕಣ್ಣು ಯಾವಾಗಲೂ ಮರಳಿನ ಮೇಲೆ. ಪಾಕಿಸ್ತಾನದ ಜೊತೆ ಯುದ್ಧ ಬಾಗಿಲಲ್ಲಿ ನಿಂತಿದ್ದಾಗಲೂ ತಾತ ಮರಳು ನೋಡಿದ್ದಾರೆ, ಅಲ್ವಾ?

ಅವರು ರಜಾ ಸಿಕ್ಕಿ ಊರಿಗೆ ಬಂದದ್ದು 1972ರ ಬೇಸಿಗೆಯಲ್ಲಿ. ಮುತ್ತಾತ ಬಾಗಿಲಲ್ಲೇ ಕೇಳಿದರಂತೆ, "ಮರಳು ಎಲ್ಲೋ?" ತಾತ ಟ್ರಂಕು ಕೆಳಗಿಟ್ಟು, "ತರೋಕೆ ಮನಸ್ಸಾಗಲಿಲ್ಲ" ಅಂದರಂತೆ. ಮುತ್ತಾತ ಮತ್ತೆ ಕೇಳಲಿಲ್ಲ. ಮನೆಯಲ್ಲಿ ಬೇರೆ ಯಾರೂ ಕೇಳಲಿಲ್ಲ.

ಮಧ್ಯಾಹ್ನ ಅಹಮದ್‌ನಗರ ಬಂತು, ಈಗಿನ ಅಹಿಲ್ಯಾನಗರ. ಅಪ್ಪ ಪ್ಲಾಟ್‌ಫಾರಂಗೆ ಇಳಿದು ಸುಮ್ನೆ ನಿಂತರು. ಟ್ಯಾಂಕ್ ಪಡೆಯ ತರಬೇತಿ ಕೇಂದ್ರ ಇರೋದು ಈ ಊರಲ್ಲಿ. 1971ರ ಯುದ್ಧದಲ್ಲಿ ಬಸಂತರ್ ದಡದಲ್ಲಿ ಹೋರಾಡಿ ಸತ್ತ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರ ಸೆಂಚುರಿಯನ್ ಟ್ಯಾಂಕ್, 'ಫಾಮಗುಸ್ತಾ', ಇಲ್ಲೇ ಇದೆ. ತಾತನ ಜೊತೆಯವರು ನೆಲಬಾಂಬ್ ತೆಗೆದ ದಾರಿಯಲ್ಲೇ ಆ ಟ್ಯಾಂಕುಗಳು ಹೋದದ್ದು. ರೈಲು ನಿಂತದ್ದು ಕೆಲವೇ ನಿಮಿಷ.

ಮೂರನೇ ದಿನ: ದೆಹಲಿ

ಬೆಳಿಗ್ಗೆ ದೆಹಲಿ. ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಲಗೇಜು ಇಟ್ಟು ಇಂಡಿಯಾ ಗೇಟ್ ಪಕ್ಕದ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಹೋದೆವು. 2019ರಲ್ಲಿ ತೆರೆದದ್ದು. ಒಂದರೊಳಗೊಂದು ವೃತ್ತಗಳು. ತ್ಯಾಗ ಚಕ್ರ ಅನ್ನುವ ವೃತ್ತದಲ್ಲಿ ಗ್ರಾನೈಟ್ ಗೋಡೆಗಳು. ಒಂದೊಂದು ಕಲ್ಲಿನ ಮೇಲೆ ಒಬ್ಬೊಬ್ಬರ ಹೆಸರು.

ತಾತನ ಹೆಸರು ಅಲ್ಲಿಲ್ಲ. ಅವರು ಉಳಿದು ಬಂದವರು. ಅಪ್ಪ ಬಂದದ್ದು ಇಬ್ಬರಿಗಾಗಿ. ಒಬ್ಬರು ಮೇಜರ್ ವಿಜಯ್ ರತನ್ ಚೌಧರಿ, ಒಂಬತ್ತನೇ ಇಂಜಿನಿಯರ್ ರೆಜಿಮೆಂಟ್, ತಾತನ ರೆಜಿಮೆಂಟ್. ಗಡಿಯಾಚೆ, ಪಾಕಿಸ್ತಾನದ ಶಕರ್‌ಗಢ ಭಾಗದಲ್ಲಿ ಆ ಡಿಸೆಂಬರ್‌ನಲ್ಲಿ ಅವರು ಒಂದಾದ ಮೇಲೊಂದು ನೆಲಬಾಂಬ್ ಹೊಲ ದಾಟಿಸುತ್ತಾ ಹೋದರು. ಬಸಂತರ್ ಹತ್ತಿರ ದಾರಿ ಮಾಡುವಾಗ ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡರು. ಅವರಿಗೆ ಮಹಾವೀರ ಚಕ್ರ ಬಂತು. ತಾತ ಅವರನ್ನ 'ಮೇಜರ್ ಸಾಬ್' ಅನ್ನುವಾಗ ಕೂತಿದ್ದವರು ಎದ್ದು ನಿಲ್ಲುತ್ತಿದ್ದರು. ಮನೆಯಲ್ಲಿ, ಬರೀ ನಮ್ಮೆದುರು ಇದ್ದಾಗಲೂ.

ಇನ್ನೊಬ್ಬರ ಹೆಸರು ನಮಗೆ ಗೊತ್ತಿಲ್ಲ. ತಾತನ ಪಕ್ಕದಲ್ಲೇ ಮಣ್ಣು ತಡವುತ್ತಿದ್ದ ಗೆಳೆಯ. ತಮಿಳುನಾಡಿನವರು, ಬಡಗಿ ಕೆಲಸದವರು. ಅವರು ವಾಪಸ್ ಬರಲಿಲ್ಲ. ತಾತ ಅವರನ್ನ ಯಾವಾಗಲೂ 'ತಂಬಿ' ಅಂತಲೇ ಹೇಳುತ್ತಿದ್ದರು. ಅದು ಹೆಸರು ಅಂತಲೇ ನಾವೂ ಅಂದುಕೊಂಡಿದ್ದೆವು. ಮದ್ರಾಸ್ ಸ್ಯಾಪರ್ಸ್‌ನಲ್ಲಿ ಪ್ರತಿಯೊಬ್ಬರೂ ತಂಬಿಯೇ ಅಂತ ತಿಳಿದದ್ದು ತಾತ ಹೋದ ಮೇಲೆ.

ಅಪ್ಪ 1971ರ ಕಲ್ಲುಗಳ ಮುಂದೆ ನಿಧಾನವಾಗಿ ನಡೆದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಒಂದೊಂದು ಹೆಸರನ್ನೂ ತುಟಿ ಅಲ್ಲಾಡಿಸಿ ಓದಿದರು. ದಕ್ಷಿಣದ ಹೆಸರು ಬಂದಾಗಲೆಲ್ಲಾ ನಿಂತರು. ಒಂದೂವರೆ ಗಂಟೆ ಆಗಿರಬೇಕು. ಕೊನೆಗೆ, "ಇಷ್ಟರಲ್ಲಿ ಒಬ್ಬರು ಅವರು. ಎಲ್ಲರಿಗೂ ಕೈ ಮುಗಿದರೆ ಅವರಿಗೂ ಸೇರುತ್ತೆ" ಅಂದರು.

ನಾಲ್ಕನೇ ದಿನ: ಮಂಜು

ಹೇಳೋಕೆ ಹೆಚ್ಚಿಲ್ಲ. ಪಂಜಾಬಿನ ತುಂಬಾ ದಟ್ಟ ಮಂಜು. ರಾತ್ರಿ ರೈಲು ಆರು ತಾಸು ತಡವಾಗಿ ಜಮ್ಮು ಮುಟ್ಟಿತು. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡೋದಿಲ್ಲ, ನಮ್ಮಿಬ್ಬರದೂ ಅದೇ. ಹೋಗುವವರು ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ಲಾಡ್ಜಿನವರ ಫೋನಿನಿಂದ ಅಜ್ಜಿಗೆ ಮಾತಾಡಿದೆವು. "ಚಳಿ ಇದೆಯಾ?" ಅಂದರು. ಇದೆ ಅಂದೆ. "ಅವರೂ ಹಾಗೇ ಬರೀತಿದ್ದರು. ಬೆರಳು ಮರಗಟ್ಟುತ್ತೆ ಅಂತ" ಅಂದರು. ಬೆರಳಿನಲ್ಲೇ ನೆಲ ಓದಬೇಕಾದವರಿಗೆ ಅದು ಎಂಥಾ ಕಷ್ಟ ಅಂತ ನಾನು ಅವತ್ತು ರಾತ್ರಿ ರಜಾಯಿಯೊಳಗೆ ಮಲಗಿ ಯೋಚಿಸಿದೆ.

ಐದನೇ ದಿನ: ಬಸಂತರ್

ಜಮ್ಮುವಿನಿಂದ ಪಠಾಣ್‌ಕೋಟ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಾಂಬಾ, ಸುಮಾರು 40 ಕಿಲೋಮೀಟರ್. ಬಸ್ಸಿನಲ್ಲಿ ಹೋದೆವು. ಉತ್ತರಕ್ಕೆ ಶಿವಾಲಿಕ ಗುಡ್ಡಗಳು, ದಕ್ಷಿಣಕ್ಕೆ ಬಯಲು. ಬಯಲಿನ ಆಚೆ ಗಡಿ. ನದಿ ಗುಡ್ಡದಲ್ಲಿ ಹುಟ್ಟಿ, ಸಾಂಬಾ ಪಕ್ಕದಲ್ಲಿ ಹಾದು, ಪಾಕಿಸ್ತಾನಕ್ಕೆ ಹೋಗಿ ರಾವಿ ಸೇರುತ್ತೆ. ಯುದ್ಧ ನಡೆದ ಜಾಗ ಗಡಿಯ ಆ ಕಡೆ. 1972ರ ಸಿಮ್ಲಾ ಒಪ್ಪಂದದ ನಂತರ ನಮ್ಮವರು ಆ ನೆಲ ಬಿಟ್ಟುಕೊಟ್ಟು ಬಂದರು. ತಾತ ಮೊಣಕಾಲೂರಿದ ಜಾಗವನ್ನ ನಾವು ಯಾವತ್ತೂ ನೋಡೋಕಾಗಲ್ಲ. ನೀರು ಮಾತ್ರ ಅದೇ ನೀರು. ಕಾಗದ ಬರೆದದ್ದು ಯುದ್ಧಕ್ಕೆ ಮುಂಚೆ, ಗಡಿಯ ಈ ಕಡೆ ಇದ್ದಾಗ. ಹಾಗಾಗಿ ಅವರು ನೋಡಿದ ಮರಳು ಇದೇ.

ಸೇತುವೆ ಹತ್ತಿರ ಇಳಿದೆವು. ನದಿ ಅಂದರೆ ಕಲ್ಲು ಹಾಸಿದ ಅಗಲವಾದ ಬಯಲು. ಚಳಿಗಾಲವಾದ್ದರಿಂದ ನೀರು ಒಂದು ಅಂಚಿನಲ್ಲಿ ಕಾಲುವೆಯಷ್ಟೇ ಹರಿಯುತ್ತಿತ್ತು. ರಸ್ತೆ ಬದಿಯಲ್ಲಿ ಒಂದು ಚಹಾ ಅಂಗಡಿ. ಅಂಗಡಿಯ ಹಿರಿಯರು ಎಲ್ಲಿಂದ ಬಂದಿರಿ ಅಂತ ಕೇಳಿದರು. ಅಪ್ಪ ತಮಗೆ ಬರುವ ಹಿಂದಿಯಲ್ಲಿ ಹೇಳಿದರು. 71ರಲ್ಲಿ ಅವರು ಹತ್ತು ವರ್ಷದ ಹುಡುಗ. ಮನೆಯವರೆಲ್ಲಾ ದನ ಹೊಡೆದುಕೊಂಡು ಗುಡ್ಡದ ಕಡೆ ಹೋಗಿದ್ದರಂತೆ. ರಾತ್ರಿ ದಕ್ಷಿಣದ ಆಕಾಶ ಕುಲುಮೆಯ ಹಾಗೆ ಕೆಂಪಾಗುತ್ತಿತ್ತು ಅಂದರು. ಅವರು ಅಂದದ್ದು 'ಭಟ್ಟಿ' ಅಂತ. ಆ ಮಾತಿಗೆ ಅಪ್ಪ ನನ್ನ ಕಡೆ ನೋಡಿದರು. ಚಹಾದ ದುಡ್ಡು ಎಷ್ಟು ಹೇಳಿದರೂ ತಗೊಳ್ಳಲಿಲ್ಲ. "ಫೌಜಿಯ ಮಗ ನೀವು" ಅಂದರು.

ನದಿಗೆ ಇಳಿದೆವು. ಅಪ್ಪ ನೀರಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತರು. ತಾತ ಕೂರುತ್ತಿದ್ದ ಹಾಗೇ.

ಡಿಸೆಂಬರ್ 15ರ ರಾತ್ರಿಯ ಬಗ್ಗೆ ತಾತ ಅಪ್ಪನ ಹತ್ತಿರ ಒಂದೇ ಸಲ ಮಾತಾಡಿದ್ದು, ಸಾಯೋಕೆ ಒಂದು ತಿಂಗಳು ಮುಂಚೆ. ಅದನ್ನ ಅಪ್ಪ ನನಗೆ ಇಲ್ಲಿ ಹೇಳಿದರು. ನದಿಯ ಆಚೆ ದಡಕ್ಕೆ ಕಾಲಾಳುಗಳು ದಾಟಿ ಹೋಗಿ ಕೂತಿದ್ದರು. ಬೆಳಗಾಗುವ ಮುಂಚೆ ಟ್ಯಾಂಕು ಅವರನ್ನ ಸೇರದಿದ್ದರೆ ಅವರ ಕಥೆ ಮುಗಿದ ಹಾಗೆ. ಮಧ್ಯೆ ನೆಲಬಾಂಬ್ ಹೊಲ. ಕೆಲವು ಟ್ಯಾಂಕಿಗೆ ಇಟ್ಟದ್ದು, ಕೆಲವು ಮನುಷ್ಯನ ಕಾಲಿಗೆ ಇಟ್ಟದ್ದು. ಮೇಲಿನಿಂದ ಶೆಲ್ ಬೀಳುತ್ತಾನೇ ಇತ್ತು. ದೀಪ ಹಚ್ಚೋ ಹಾಗಿಲ್ಲ. ಕಡ್ಡಿಯನ್ನ ಓರೆಯಾಗಿ ಒತ್ತಬೇಕು, ಯಾಕಂದರೆ ಬಾಂಬ್ ಸಿಡಿಯೋದು ತಲೆ ಮೇಲೆ ಭಾರ ಬಿದ್ದರೆ. ಪಕ್ಕಕ್ಕೆ ತಗುಲಿದರೆ ತಿಳಿಯುತ್ತೆ, ಸಿಡಿಯಲ್ಲ. "ಕಲ್ಲಿಗೆ ತಗುಲಿದರೆ ಒಂಥರಾ, ಕಬ್ಬಿಣಕ್ಕೆ ತಗುಲಿದರೆ ಒಂಥರಾ. ನನಗೆ ಕಬ್ಬಿಣ ಕೈಗೆ ಗೊತ್ತಿತ್ತು. ತಂಬಿಗೆ ಮರ ಗೊತ್ತಿತ್ತು" ಅಂದರಂತೆ. ಅಷ್ಟು ಹೇಳಿ ಗೋಡೆ ಕಡೆ ತಿರುಗಿ ಮಲಗಿದರಂತೆ.

ದಾರಿ ಪೂರ್ತಿ ಆಗೋ ಮುಂಚೆಯೇ ಖೇತ್ರಪಾಲ್ ಅವರ ರೆಜಿಮೆಂಟ್ ಪೂನಾ ಹಾರ್ಸ್‌ನ ಟ್ಯಾಂಕುಗಳು ಕಾಯದೆ ನುಗ್ಗಿ ದಾಟಿದವು. ಮಾರನೇ ದಿನ, 16ರಂದು, ಖೇತ್ರಪಾಲ್ ಆ ದಡದಲ್ಲಿ ಹೋರಾಡಿ ಸತ್ತರು. ಅವರಿಗೆ ಇಪ್ಪತ್ತೊಂದು ವರ್ಷ. 17ರ ರಾತ್ರಿ ಯುದ್ಧ ನಿಂತಿತು. ಖೇತ್ರಪಾಲ್ ಅವರಿಗೂ ಕಾಲಾಳು ಪಡೆಯ ಮೇಜರ್ ಹೋಶಿಯಾರ್ ಸಿಂಗ್ ಅವರಿಗೂ ಪರಮವೀರ ಚಕ್ರ ಬಂತು. ಈ ಯುದ್ಧದ ಬಗ್ಗೆ ನಾನು ಓದಿದ್ದರಲ್ಲೆಲ್ಲಾ ಟ್ಯಾಂಕಿನ ಕಥೆಯೇ ಜಾಸ್ತಿ. ಅದು ಸರಿಯೇ. ಆದರೆ ಟ್ಯಾಂಕಿಗೆ ಮುಂಚೆ ಅಲ್ಲಿ ಕತ್ತಲಲ್ಲಿ ಒಂದಷ್ಟು ಬಡಗಿಗಳೂ ಕಮ್ಮಾರರೂ ಗಾರೆಯವರೂ ತೆವಳುತ್ತಿದ್ದರು. ಅದನ್ನೂ ಹೇಳಬೇಕು ಅಂತಲೇ ನಾನು ಇದನ್ನೆಲ್ಲಾ ಬರೆಯೋಕೆ ಕೂತದ್ದು.

ನಾನು ಬಾಟಲಿ ತೆಗೆದೆ. ಅಪ್ಪ ಕೈ ಚಾಚಲಿಲ್ಲ. "ಅವರಿಗೇ ಮನಸ್ಸಾಗಲಿಲ್ಲವಲ್ಲಮ್ಮ. ನಾವು ಯಾಕೆ ತಗೋಬೇಕು?" ಅಂದರು. ಆ ಪ್ರಶ್ನೆ ನನಗೂ ದಾರಿಯುದ್ದಕ್ಕೂ ಇತ್ತು. ಹಾಗೇ ಕೂತೆವು. ಆಚೆ ದಡದಲ್ಲಿ ಒಬ್ಬ ಹುಡುಗ ಎಮ್ಮೆ ತೊಳೆಯುತ್ತಿದ್ದ.

ಅಜ್ಜಿಗೆ ನಾನು ಇದನ್ನೇ ಕೇಳಿದ್ದೆ, ಹೊರಡೋ ಹಿಂದಿನ ರಾತ್ರಿ. ಅವರು ಅಕ್ಕಿ ಆರಿಸುತ್ತಾ ಹೇಳಿದ್ದರು. "ಅವರು ತರ್ತೀನಿ ಅಂದಿದ್ದು ಮಾವನಿಗೆ. ಮಾವ ಸಾಯೋವರೆಗೂ ಬೆಸುಗೆಗೆ ಕೂತಾಗೆಲ್ಲಾ ಆ ಮರಳು ನೆನೆಸಿಕೊಳ್ಳೋರು. ಆಡಿದ ಮಾತೊಂದು ಮನೇಲಿ ಬಾಕಿ ಉಳಿದಿದೆ ಕಣವ್ವ." ಇದನ್ನ ಅಪ್ಪನಿಗೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ನೀರು ನೋಡಿದರು. ಆಮೇಲೆ ಕಲ್ಲುಗಳನ್ನ ಸರಿಸಿ, ಬೆರಳುಗಳನ್ನ ಓರೆಯಾಗಿ ಮರಳಿಗೆ ಇಳಿಸಿದರು. ನೇರವಾಗಿ ಅಲ್ಲ. ಒಂದು ಹಿಡಿ ಎತ್ತಿ, ನೀರಲ್ಲಿ ಜಾಲಿಸಿ, ಬಾಟಲಿಗೆ ಹಾಕಿದರು. ಬೂದು ಬಣ್ಣ, ಮಧ್ಯೆ ಮಧ್ಯೆ ಅಭ್ರಕದ ಮಿಣುಕು.

ಆರನೇ ದಿನದಿಂದ ಎಂಟನೇ ದಿನ

ವಾಪಸ್ ಪ್ರಯಾಣ. ಬಾಟಲಿ ಅಪ್ಪನ ತಲೆದಿಂಬಿನ ಪಕ್ಕದಲ್ಲಿತ್ತು. ಝಾನ್ಸಿ ದಾಟಿದ ಮೇಲೆ ಮಂಜು ಹೋಯಿತು.

ಒಂಬತ್ತನೇ ದಿನ: ಮತ್ತೆ ಕುಲುಮೆ

ಮಧ್ಯಾಹ್ನ ಊರು ಸೇರಿದೆವು. ಅಜ್ಜಿ ಮರಳನ್ನ ಅಂಗೈಗೆ ಸುರಿದುಕೊಂಡು, ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಒಂದು ಕಾಳು ನಾಲಿಗೆಗೂ ಇಟ್ಟುಕೊಂಡರು. ಅರವತ್ತು ವರ್ಷ ಕಮ್ಮಾರರ ಮನೆಯಲ್ಲಿ ಇದ್ದವರು ಅವರು. "ಮಣ್ಣಿಲ್ಲ" ಅಂದರು. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, "ಹಚ್ಚು" ಅಂದರು.

ಚಿಕ್ಕಪ್ಪ ಅಂಗಡಿ ಮುಚ್ಚಿ ಬಂದರು. ಕುಲುಮೆ ಬೆಸುಗೆ ಹಾಕಿ ಅವರಿಗೆ ಇಪ್ಪತ್ತು ವರ್ಷವಾದರೂ ಆಗಿರಬೇಕು. ಇದ್ದಿಲು ಸುರಿದು, ಬಳೆಯ ಹಾಗೆ ಬಗ್ಗಿಸಿದ ಕಬ್ಬಿಣದ ಎರಡೂ ತುದಿಯನ್ನ ಬೆಸೆಯೋಕೆ ಇಟ್ಟರು. ನಾನು ಬ್ಲೋವರ್ ತಿರುಗಿಸಿದೆ. ಮೊದಲ ಸಲ ಹಿಡಿಯಲಿಲ್ಲ, ಬೇಗ ತೆಗೆದುಬಿಟ್ಟರು. ಸುತ್ತಿಗೆ ಏಟಿಗೆ ಎರಡೂ ತುದಿ ಬಿಟ್ಟುಕೊಂಡವು. ಯಾರೂ ಮಾತಾಡಲಿಲ್ಲ. ಅಜ್ಜಿ ಮತ್ತೊಂದು ಚಿಟಿಕೆ ಮರಳು ತಾವೇ ಮುಂದೆ ಹಿಡಿದರು.

ಎರಡನೇ ಸಲ ಚಿಕ್ಕಪ್ಪ ಕಾದರು. ಮರಳು ಬಿದ್ದ ಕಡೆ ಕಬ್ಬಿಣ ಒದ್ದೆಯಾದ ಹಾಗೆ ಹೊಳೆಯಿತು. ಹಳದಿ ಬಿಳಿಯಾಯಿತು. ಒಂದು ಕಿಡಿ ಚಿಮ್ಮಿತು, ಇನ್ನೊಂದು. "ಈಗ" ಅಂದರು ಅಜ್ಜಿ. ಇಕ್ಕಳ ಹೊರಗೆ ಬಂತು. ಮೊದಲ ಏಟು ಮೆಲ್ಲಗೆ, ಆಮೇಲೆ ಜೋರಾಗಿ. ಅಪ್ಪ ಎದುರು ನಿಂತು ಸಮ್ಮೆಟಿಗೆಯಿಂದ ಹೊಡೆದರು. ಕರಗಿದ ಮರಳು ಸುತ್ತಲೂ ಸಿಡಿಯಿತು.

ಆರಿದ ಮೇಲೆ ಚಿಕ್ಕಪ್ಪ ಬಳೆಯನ್ನ ಅಡಿಗಲ್ಲಿಗೆ ಕುಟ್ಟಿ ನೋಡಿದರು. ಗಣ್ ಅಂತು.

"ಹಿಡೀತೇನೋ?" ಅಂತ ಕೇಳಿದರು ಅಜ್ಜಿ.

"ಹಿಡೀತು ಕಣವ್ವ" ಅಂದರು ಚಿಕ್ಕಪ್ಪ.

ಅಜ್ಜಿ ಉಳಿದ ಮರಳಿನ ಬಾಟಲಿಗೆ ಮುಚ್ಚಳ ಹಾಕಿ, ಗೋಡೆಯ ಗೂಡಿನಲ್ಲಿ ತಾತನ ಸುತ್ತಿಗೆಗಳ ಪಕ್ಕ ಇಟ್ಟರು.